ಜಿ ಪೊಸಿಷನ್ ಪುಟದಲ್ಲಿ ಕೈ ಯಾಕೆ ನಿಂತುಬಿಡುತ್ತದೆ?

ಪ್ರಶ್ನೆ: ನನಗೆ 44 ವರ್ಷ. ದಾವಣಗೆರೆಯ ಪಿಯು ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಚಿಕ್ಕವಳಿದ್ದಾಗ ಗೀತೆಗಳವರೆಗೆ ಕರ್ನಾಟಕ ಸಂಗೀತ ಕಲಿತಿದ್ದೆ, ಆಮೇಲೆ ಬಿಟ್ಟುಹೋಯಿತು. ಮಗಳಿಗೆ ತಂದಿದ್ದ 61 ಕೀಗಳ ಕೀಬೋರ್ಡ್ ಎರಡು ವರ್ಷದಿಂದ ಮಂಚದ ಕೆಳಗಿತ್ತು. ಅವಳು ಬಿಟ್ಟಳು, ನಾನು ಹಿಡಿದೆ. ದೊಡ್ಡವರಿಗಾಗಿ ಮಾಡಿದ ಪಿಯಾನೊ ಮೆಥಡ್ ಬುಕ್ ತರಿಸಿಕೊಂಡು ಐದು ತಿಂಗಳಿಂದ ಒಬ್ಬಳೇ ಕಲಿಯುತ್ತಿದ್ದೇನೆ. ಶುರುವಿನ ಪುಟಗಳು ನೀರು ಕುಡಿದ ಹಾಗೆ ಹೋದವು. ಕೈಯನ್ನು ಸಿ ಕೀಯಿಂದ ಜಿ ಕೀಗೆ ಸರಿಸಿ ನುಡಿಸುವ ಜಿ ಪೊಸಿಷನ್ ಅಂತ ಒಂದು ಪುಟ ಬಂತು ನೋಡಿ, ಅಲ್ಲಿಂದಾಚೆ ಒಂದೂ ಸರಿಯಾಗುತ್ತಿಲ್ಲ. ಎರಡು ಕೈ ಸೇರಿಸಿದರೆ ಅವು ಜಗಳಕ್ಕೆ ನಿಲ್ಲುತ್ತವೆ. ರಾತ್ರಿ ಊಟ, ಪಾತ್ರೆ ಎಲ್ಲ ಮುಗಿದ ಮೇಲೆ ಸಿಗುವುದು 25 ನಿಮಿಷ. ವಯಸ್ಸಾಯಿತಾ? ಒಂದು ಪಾಠ ಪೂರ್ತಿ ಸರಿಹೋಗುವವರೆಗೂ ಮುಂದೆ ಹೋಗಬಾರದಾ? ಟೀಚರ್ ಇಲ್ಲದೆ ಆಗುವುದೇ ಇಲ್ಲವಾ?

ಉತ್ತರ: ಮೇಡಂ, ವಯಸ್ಸಿನ ಮಾತು ಆಮೇಲೆ. ಮೊದಲು ಒಂದು ಚಿಕ್ಕ ಪರೀಕ್ಷೆ ಮಾಡಿ.

ಬೀಥೋವನ್‌ನ ಒಂಬತ್ತನೇ ಸಿಂಫನಿಯ ಕೊನೆಯ ಭಾಗದ ರಾಗ ನಿಮ್ಮ ಪುಸ್ತಕದಲ್ಲಿ ಇದ್ದೇ ಇರುತ್ತದೆ. 1824ರಲ್ಲಿ ವಿಯೆನ್ನಾದಲ್ಲಿ ಮೊದಲು ಕೇಳಿಸಿದ್ದು, ಈಗ ಹೆಚ್ಚುಕಡಿಮೆ ಎಲ್ಲ ಮೆಥಡ್ ಬುಕ್‌ಗಳಲ್ಲೂ ಇದೆ. ಸ್ವರದಲ್ಲಿ ಹೇಳುವುದಾದರೆ ಗ ಗ ಮ ಪ, ಪ ಮ ಗ ರಿ, ಸ ಸ ರಿ ಗ, ಗ ರಿ ರಿ. ಬಲಗೈ ಹೆಬ್ಬೆರಳು ಸಿ ಮೇಲೆ, ಮೊದಲ ಸ್ವರ ಇ, ಅದಕ್ಕೆ ಮೂರನೇ ಬೆರಳು. ಇದನ್ನು ನೀವು ಕಣ್ಣುಮುಚ್ಚಿ ನುಡಿಸುತ್ತೀರಿ, ಅನುಮಾನವಿಲ್ಲ. ಈಗ ಅದೇ ಇ ಮೇಲೆ ಮೂರನೆಯದರ ಬದಲು ಎರಡನೇ ಬೆರಳು ಇಟ್ಟು, ಪುಸ್ತಕ ನೋಡಿಕೊಂಡು ನುಡಿಸಿ. ಸ್ವರ ಒಂದೂ ಬದಲಾಗಿಲ್ಲ, ಕೀಗಳೂ ಅವೇ. ಬೆರಳು ಮಾತ್ರ ಬೇರೆ.

ಎರಡನೇ ಸಾಲಿಗೆ ಬರುವ ಮೊದಲೇ ಕೈ ತಡವರಿಸಿತು, ಅಲ್ವಾ? ಹಾಗಾಗಿದ್ದರೆ ನಿಮ್ಮ ಕಾಯಿಲೆ ಗೊತ್ತಾಯಿತು. ಐದು ತಿಂಗಳಿಂದ ನೀವು ಸ್ವರ ಓದುತ್ತಿಲ್ಲ, ಬೆರಳಿನ ನಂಬರ್ ಓದುತ್ತಿದ್ದೀರಿ.

ಇದರಲ್ಲಿ ನಿಮ್ಮ ತಪ್ಪು ಕಡಿಮೆ, ಪುಸ್ತಕದ ಪಾಲು ಜಾಸ್ತಿ. ದೊಡ್ಡವರ ಪುಸ್ತಕಗಳಲ್ಲಿ ಬಹಳಷ್ಟು ಪೊಸಿಷನ್ ಲೆಕ್ಕದಲ್ಲಿ ಶುರುವಾಗುತ್ತವೆ. ಐದು ಬೆರಳು, ಐದು ಬಿಳಿ ಕೀ. ಸಿ ಯಿಂದ ಜಿ ವರೆಗೆ ಕೈ ಇಟ್ಟುಬಿಟ್ಟರೆ ಎಷ್ಟೋ ಪುಟ ಕೈ ಅಲುಗಿಸುವ ಹಾಗೇ ಇಲ್ಲ. ಸ್ವರದ ತಲೆ ಮೇಲೆ ಬೆರಳಿನ ನಂಬರ್ ಅಚ್ಚಾಗಿರುತ್ತದೆ. ಮೊದಲ ವಾರವೇ ಎರಡು ಕೈಯಲ್ಲೂ ಏನೋ ಒಂದು ನುಡಿಸಿ ಖುಷಿಪಡಬಹುದು. ಆ ಖುಷಿ ಬೇಕು, ಇಲ್ಲದಿದ್ದರೆ ಯಾರೂ ಮೂರನೇ ವಾರಕ್ಕೆ ಉಳಿಯುವುದಿಲ್ಲ. ಆದರೆ ನಮ್ಮ ತಲೆ ಸುಲಭದ ದಾರಿ ಹುಡುಕುತ್ತದೆ. ಗೆರೆ ನೋಡಿ, ಸ್ವರ ಗುರುತಿಸಿ, ಕೀ ಹುಡುಕುವುದಕ್ಕಿಂತ ಮೂರು ಅಂದರೆ ನಡುಬೆರಳು ಒತ್ತುವುದು ಸಲೀಸು. ನಿಮ್ಮ ಕ್ಲಾಸಿನಲ್ಲೂ ಇಂಥವರು ಇರುತ್ತಾರೆ. ಗೈಡಿನಲ್ಲಿರುವ ಮೋಲಾರಿಟಿ ಲೆಕ್ಕ ಪಟಪಟ ಮಾಡುತ್ತಾರೆ. ಸಂಖ್ಯೆ ಬದಲಾಯಿಸಿ ಕೊಟ್ಟರೆ ಪೆನ್ನು ನಿಲ್ಲುತ್ತದೆ. ಜಿ ಪೊಸಿಷನ್ ಪುಟ ನಿಮಗೆ ಮಾಡಿದ್ದೂ ಅಷ್ಟೇ.

ನಾನೂ ಇದರಲ್ಲಿ ಪಾಪ ಮಾಡಿದವನೇ. ದೊಡ್ಡವರಿಗೆ ಪಾಠ ಶುರುಮಾಡಿದ ಹೊಸತರಲ್ಲಿ, ಬೇಗ ನುಡಿಸಿ ಸಂತೋಷಪಡಲಿ ಅಂತ ಎಲ್ಲ ಸ್ವರದ ಮೇಲೂ ಪೆನ್ಸಿಲ್‌ನಲ್ಲಿ ನಂಬರ್ ಬರೆದು ಕೊಡುತ್ತಿದ್ದೆ. ರಿಟೈರ್ ಆದ ಇಂಜಿನಿಯರ್ ಒಬ್ಬರು ಒಂದು ವರ್ಷದಲ್ಲಿ ಹದಿನೈದು ಹಾಡು ನುಡಿಸುತ್ತಿದ್ದರು. ಒಂದು ದಿನ ನಂಬರ್ ಇಲ್ಲದ ಹೊಸ ಶೀಟ್ ಮುಂದಿಟ್ಟೆ. ಐದು ನಿಮಿಷ ಸುಮ್ನೆ ನೋಡುತ್ತಾ ಕೂತರು. ಅವತ್ತಿನಿಂದ ಪೆನ್ಸಿಲ್ ಒಳಗಿಟ್ಟೆ.

ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕಿದೆ, ಅದು ಸಂಗೀತ ಕಲಿಯದವರಿಗೆ ಬರುವುದಿಲ್ಲ. ಸಿ ಪೊಸಿಷನ್‌ನ ಐದು ಕೀ ನಿಮ್ಮ ಕಿವಿಗೆ ಸ ರಿ ಗ ಮ ಪ. ಸರಿಯಾಗಿಯೇ ಕೇಳಿಸಿದೆ, ಅದು ಶಂಕರಾಭರಣದ ಮೊದಲ ಐದು ಸ್ವರ. ಈಗ ಕೈಯನ್ನು ಜಿ ಗೆ ಸರಿಸಿ ಜಿ, ಎ, ಬಿ, ಸಿ, ಡಿ ಒತ್ತಿ. ಮತ್ತೆ ಸ ರಿ ಗ ಮ ಪ! ನಮ್ಮ ಪದ್ಧತಿಯಲ್ಲಿ ಶ್ರುತಿ ಎಲ್ಲಿ ಹಿಡಿದರೂ ಅದೇ ಸ. ನೀವು ಚಿಕ್ಕವರಿದ್ದಾಗ ಬಹುಶಃ ಐದು ಮನೆ ಶ್ರುತಿಯಲ್ಲೋ ಐದೂವರೆಯಲ್ಲೋ ಹಾಡಿರುತ್ತೀರಿ. ಐದು ಮನೆ ಅಂದರೆ ಇದೇ ಜಿ. ಹಾಗಾಗಿ ಕಿವಿ ‘ಏನೂ ಬದಲಾಗಿಲ್ಲ’ ಅನ್ನುತ್ತದೆ, ಬೆರಳಿನ ನಂಬರ್ ಕೂಡ ಹಾಗೇ ಅನ್ನುತ್ತದೆ, ಕಾಗದ ಮಾತ್ರ ‘ಎಲ್ಲಾ ಬದಲಾಗಿದೆ’ ಅನ್ನುತ್ತದೆ. ಇಬ್ಬರು ಒಂದು ಕಡೆ, ಒಬ್ಬ ಇನ್ನೊಂದು ಕಡೆ. ಬಡಪಾಯಿ ಕಣ್ಣು ಸೋಲುತ್ತದೆ.

ನಿಮ್ಮ ಪುಸ್ತಕದ ಗೆರೆ ಬರವಣಿಗೆಗೆ ಸ್ಟಾಫ್ ನೊಟೇಶನ್ ಅನ್ನುತ್ತಾರೆ. ಅದರಲ್ಲಿ ಸ ಅನ್ನುವುದು ಇಲ್ಲ. ಐದು ಗೆರೆಯ ಮೇಲೆ ಕೆಳಗಿನಿಂದ ಎರಡನೇ ಗೆರೆ, ಟ್ರೆಬಲ್ ಕ್ಲೆಫ್ ಇದ್ದರೆ, ಯಾವತ್ತಿಗೂ ಜಿ. ಹಾಡು ಯಾವುದೇ ಆಗಲಿ, ಆಧಾರ ಶ್ರುತಿ ಎಲ್ಲೇ ಇರಲಿ. ಆ ಸುರುಳಿ ಚಿಹ್ನೆ ಅದೇ ಗೆರೆಯನ್ನು ಸುತ್ತಿಕೊಂಡು ಕೂತಿರುವುದು ಅದಕ್ಕೇ. ಕೆಳಗಿನ ಐದು ಗೆರೆಗೆ ಬಾಸ್ ಕ್ಲೆಫ್. ಅದರ ಎರಡು ಚುಕ್ಕಿಗಳ ನಡುವಿನ ಗೆರೆ ಎಫ್. ಎರಡರ ಮಧ್ಯೆ ಪುಟ್ಟ ಗೆರೆ ಎಳೆದುಕೊಂಡು ಒಂಟಿಯಾಗಿ ನಿಂತಿರುವುದು ಮಿಡಲ್ ಸಿ. ಸದ್ಯಕ್ಕೆ ಈ ಮೂರನ್ನು ಮನೆ ಬಾಗಿಲಿನ ಹಾಗೆ ಗುರುತು ಇಟ್ಟುಕೊಳ್ಳಿ. ಗೆರೆಗಳ ಹೆಸರು ನೆನಪಿರಲಿ ಅಂತ ‘ಎವ್ರಿ ಗುಡ್ ಬಾಯ್’ ಎಂದು ಶುರುವಾಗುವ ವಾಕ್ಯ ಕಂಠಪಾಠ ಮಾಡಿಸುತ್ತಾರಲ್ಲ, ಅದನ್ನು ನಾನು ಕಲಿಸುವುದಿಲ್ಲ. ಪ್ರತಿ ಸ್ವರಕ್ಕೂ ಕೆಳಗಿನಿಂದ ಎಣಿಸಿಕೊಂಡು ಬರುವ ಚಟ ಹತ್ತಿದರೆ ಬಿಡಿಸುವುದು ಕಷ್ಟ.

ಗುರುತಿನಿಂದ ಮುಂದಕ್ಕೆ ಹೆಸರು ಬೇಡ, ದೂರ ಓದಿ. ಗೆರೆಯಿಂದ ಪಕ್ಕದ ಖಾಲಿ ಜಾಗಕ್ಕೆ ಹೋದರೆ ಪಕ್ಕದ ಬಿಳಿ ಕೀ. ಗೆರೆಯಿಂದ ಮುಂದಿನ ಗೆರೆಗೆ ಹೋದರೆ ಒಂದು ಬಿಟ್ಟು ಒಂದು. ಗೆರೆಯಿಂದ ಒಂದು ಗೆರೆ ದಾಟಿ ಅದರಾಚೆಯ ಗೆರೆಗೆ ಹೋದರೆ ಸ ದಿಂದ ಪ ದಷ್ಟು ದೂರ. ಇಲ್ಲಿ ನಿಮ್ಮ ಕಿವಿ ಮಕ್ಕಳಿಗಿಂತ ಎಷ್ಟೋ ಮುಂದಿದೆ. ಜಂಟಿ ವರಸೆ, ದಾಟು ವರಸೆ, ಅಲಂಕಾರ ಹೇಳಿದ ಗಂಟಲು ಅದು. ಒಂದು ಸ್ವರ ಬಿಟ್ಟು ಹಾರಿದ್ದು ಸರಿಯೋ ತಪ್ಪೋ ಅಂತ ಕೂಡಲೇ ಹೇಳಿಬಿಡುತ್ತದೆ.

ಈಗ ಕೈಗೆ ಕೆಲಸ. ಸ್ವಲ್ಪ ಕಠಿಣವಾದ ಕೆಲಸ. ನಿಮ್ಮ ಪುಸ್ತಕದ ಜಿ ಪೊಸಿಷನ್ ಪುಟದಲ್ಲಿ ಯಾವುದಾದರೂ ನಾಲ್ಕು ಬಾರ್ ತಗೊಳ್ಳಿ (ಎರಡು ನಿಲುಗೆರೆಗಳ ನಡುವಿನ ಭಾಗ ಒಂದು ಬಾರ್). ಸ್ವರದ ಮೇಲಿನ ನಂಬರ್‌ಗಳನ್ನು ಮೊದಲನೆಯದೊಂದು ಬಿಟ್ಟು ಬಿಳಿ ಪಟ್ಟಿ ಅಂಟಿಸಿ ಮುಚ್ಚಿ. ಕೀಬೋರ್ಡ್ ಮುಟ್ಟದೆ, ತೋರುಬೆರಳನ್ನು ಕಾಗದದ ಮೇಲೆ ಸರಿಸುತ್ತಾ, ‘ಜಿ, ಮೇಲೆ ಒಂದು, ಮೇಲೆ ಒಂದು, ಅಲ್ಲೇ, ಕೆಳಗೆ ಹಾರು’ ಅಂತ ಬಾಯಿಬಿಟ್ಟು ಹೇಳಿ. ಆಮೇಲೆ ಅದನ್ನೇ ನುಡಿಸಿ. ಕೈ ನೋಡಬೇಡಿ. ನೋಡಲೇಬೇಕು ಅನ್ನಿಸಿದರೆ ಮಗಳ ಹಳೆ ಡ್ರಾಯಿಂಗ್ ಪುಸ್ತಕ ಕೈ ಮೇಲೆ ಅಡ್ಡ ಹಿಡಿಯಲು ಅವಳನ್ನೇ ಕರೆಯಿರಿ. ಕರಿ ಕೀಗಳು ಎರಡರ ಗುಂಪು, ಮೂರರ ಗುಂಪು ಅಂತ ಇವೆಯಲ್ಲ, ಬೆರಳಿಗೆ ದಾರಿ ತೋರಿಸುವುದು ಅವು. ಎರಡರ ಗುಂಪಿನ ಎಡಕ್ಕೆ ಸಿ, ಮೂರರ ಗುಂಪಿನ ಎಡಕ್ಕೆ ಎಫ್.

ಅಂದಹಾಗೆ, ಮಗಳಿಗೆ ತಂದಿದ್ದು ಅಂದಿರಲ್ಲ, ಕೀಗಳ ಮೇಲೆ ಎ ಬಿ ಸಿ ಸ್ಟಿಕ್ಕರ್ ಇದ್ದರೂ ಇರಬಹುದು. ಇದ್ದರೆ ವಾರಕ್ಕೆ ಒಂದರಂತೆ ಕಿತ್ತುಹಾಕಿ, ಮಿಡಲ್ ಸಿ ಯದ್ದು ಮೊದಲು.

ನಿಮ್ಮ ಹಳೆಯ ಪಾಠವನ್ನು ಪೂರ್ತಿ ಆಚೆಗಿಡಿ ಅಂತ ನಾನು ಹೇಳುವುದಿಲ್ಲ. ಬದಲಿಗೆ ಒಂದು ಆಟ ಕೊಡುತ್ತೇನೆ. ಮಾಯಾಮಾಳವಗೌಳದ ಸರಳೆ ವರಸೆಯನ್ನು ಸಿ ಯಿಂದ ನುಡಿಸಿ. ಸಿ, ಅದರ ಪಕ್ಕದ ಕರಿ ಡಿ ಫ್ಲಾಟ್, ಆಮೇಲೆ ಇ, ಎಫ್, ಜಿ, ಕರಿ ಎ ಫ್ಲಾಟ್, ಬಿ, ಮೇಲಿನ ಸಿ. ಎರಡು ದಿನ ಬಿಟ್ಟು ಅದನ್ನೇ ಜಿ ಯಿಂದ. ಜಿ, ಎ ಫ್ಲಾಟ್, ಬಿ, ಸಿ, ಡಿ, ಇ ಫ್ಲಾಟ್, ಎಫ್ ಶಾರ್ಪ್, ಜಿ. ನುಡಿಸುವಾಗ ಹಾಡುವುದು ಸ ರಿ ಗ ಮ ಬೇಡ, ಕೀಗಳ ಹೆಸರು ಹೇಳಿ. ರಾಗ ಅದೇ, ಹೆಸರು ಬೇರೆ. ಕಿವಿಯ ಸ ಮತ್ತು ಕಾಗದದ ಜಿ ಬೇರೆ ಬೇರೆ ಖಾತೆ ಅನ್ನುವುದು ಹೀಗೆ ಬೆರಳಿಗೆ ಇಳಿಯುತ್ತದೆ. ಗಮಕದ ಚಿಂತೆ ಬಿಡಿ. ಪಿಯಾನೊದಲ್ಲಿ ಸ್ವರಗಳ ನಡುವೆ ಜಾರುವುದಕ್ಕೆ ಜಾಗವೇ ಇಲ್ಲ. ಶಂಕರಾಭರಣದಲ್ಲಿ ಜಾರದೆ ನುಡಿಸಬೇಕೆಂದರೆ ಮುತ್ತುಸ್ವಾಮಿ ದೀಕ್ಷಿತರ ನೋಟುಸ್ವರಗಳಿವೆ. ಬ್ರಿಟಿಷರ ಬ್ಯಾಂಡಿನ ಧಾಟಿಗಳಿಗೆ ಅವರು ಸಂಸ್ಕೃತ ಸಾಹಿತ್ಯ ಕಟ್ಟಿದ್ದು. ‘ಶಕ್ತಿ ಸಹಿತ ಗಣಪತಿಂ’ ನಿಮಗೆ ಬರುತ್ತಿರಬಹುದು. ಕಿವಿಯಿಂದಲೇ ಹುಡುಕಿ ನುಡಿಸಿ, ಬಲಗೈ ಮಾತ್ರ.

ಎರಡು ಸಂಗೀತ ಒಟ್ಟಿಗೆ ಇಟ್ಟುಕೊಂಡರೆ ಎರಡೂ ಕೆಡುತ್ತವೆ ಅನ್ನುವ ಹಿರಿಯರು ಈಗಲೂ ಇದ್ದಾರೆ. ಅವರಿಗೆ ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಹೆಸರು ಹೇಳಿ. ಶ್ರೀವಿದ್ಯೆಯ ಅಂಕಿತದಲ್ಲಿ 94 ಕೃತಿ ರಚಿಸಿದವರು. ಅದಕ್ಕೂ ಮೊದಲು ಗಂಭೀರವಾಗಿ ಪಿಯಾನೊ ಕಲಿತವರು. ರಷ್ಯಾದ ಸಂಗೀತ ರಚನೆಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವರ ಸಂಗೀತವನ್ನು ರೆಕಾರ್ಡ್ ಮಾಡಿಸಲು ಹಣ ಕೊಟ್ಟವರೂ ಇವರೇ. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾಂಚೆರ್ಟೊವನ್ನು (ಪಿಯಾನೊ ಮತ್ತು ಆರ್ಕೆಸ್ಟ್ರಾಗೆ ಬರೆದ ಕೃತಿ) ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ.

ಇನ್ನು ಎರಡು ಕೈಗಳ ಜಗಳ. ಜಗಳ ನಿಜವಾಗಿ ಎರಡು ಕೈಯದ್ದಲ್ಲ, ಎಡಗೈ ಒಂದರದ್ದು. ಅದು ತನ್ನ ಪಾಠ ಕಲಿತಿಲ್ಲ, ಬಲಗೈಯ ಹಿಂದೆ ಅಡಗಿಕೊಂಡು ಬಂದಿದೆ. ಮೆಥಡ್ ಬುಕ್‌ಗಳಲ್ಲಿ ಸಾಮಾನ್ಯವಾಗಿ ಎಡಗೈಗೆ ಮೊದಲು ಬರುವ ಎರಡು ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪು, ನೋಡಿ. ಸಿ ಕಾರ್ಡ್ ಅಂದರೆ ಸಿ-ಇ-ಜಿ, ಬೆರಳು 5-3-1. ಅದರಿಂದ ಜಿ ಸೆವೆನ್‌ಗೆ ಹೋಗಬೇಕು, ಸುಲಭ ಮಾಡಿದ ರೂಪ ಬಿ-ಎಫ್-ಜಿ, ಬೆರಳು 5-2-1. ಎಲ್ಲರೂ ಏನು ಮಾಡುತ್ತಾರೆ? ಇಡೀ ಕೈ ಮೇಲಕ್ಕೆತ್ತಿ, ಗಾಳಿಯಲ್ಲಿ ಆಕಾರ ಮಾಡಿ, ದಬಕ್ ಅಂತ ಕೂರಿಸುತ್ತಾರೆ. ಅಷ್ಟರಲ್ಲಿ ಬಲಗೈ ಒಂದು ಮಾತ್ರೆ ಮುಂದೆ ಹೋಗಿರುತ್ತದೆ. ಗಮನಿಸಿ, ಜಿ ಎರಡರಲ್ಲೂ ಇದೆ. ಹೆಬ್ಬೆರಳು ಜಾಗ ಬಿಡುವುದೇ ಬೇಡ. ಅದನ್ನು ಗೂಟದ ಹಾಗೆ ನಿಲ್ಲಿಸಿಕೊಂಡು ಕಿರುಬೆರಳು ಸಿ ಯಿಂದ ಬಿ ಗೆ ಒಂದು ಕೀ ಜರುಗಲಿ, ಇ ಮೇಲಿದ್ದ ನಡುಬೆರಳು ಏಳಲಿ, ತೋರುಬೆರಳು ಎಫ್ ಮೇಲೆ ಇಳಿಯಲಿ. ವಾಲ್ಯೂಮ್ ಪೂರ್ತಿ ಕಡಿಮೆ ಮಾಡಿ ಇದನ್ನೊಂದನ್ನೇ ಇಪ್ಪತ್ತು ಸಲ. ಟಿವಿ ನೋಡುತ್ತಾ ಮೇಜಿನ ಮೇಲೂ ಮಾಡಬಹುದು. ಕೈ ನೋಡದೆ ಬಂದ ದಿನ ಬಲಗೈ ಸೇರಿಸಿ, ಅದಕ್ಕೆ ಮೊದಲು ಬೇಡ.

ಸೇರಿಸುವಾಗ ಒಂದು ಬಾರ್, ಮತ್ತು ಮುಂದಿನ ಬಾರ್‌ನ ಮೊದಲ ಸ್ವರ. ಅಷ್ಟೇ. ಜನ ಬಾರ್ ಒಳಗೆ ಎಡವುವುದಕ್ಕಿಂತ ಗೆರೆ ದಾಟುವಾಗ ಎಡವುವುದು ಜಾಸ್ತಿ, ಆ ಒಂದು ಸ್ವರ ಅದಕ್ಕಾಗಿ. ಟಕ್ ಟಕ್ ಅಂತ ಲಯ ಹಿಡಿಯುವ ಮೆಟ್ರೊನೋಮ್ ಆ್ಯಪ್ 60ಕ್ಕೆ ಇಡಿ. ಅದೂ ಓಡಿಸಿದ ಹಾಗನ್ನಿಸಿದರೆ 50. ಒಂದು ಎರಡು ಮೂರು ನಾಲ್ಕು ಅಂತ ಜೋರಾಗಿ ಎಣಿಸಿ. ದೊಡ್ಡವರು ಇದಕ್ಕೆ ನಾಚಿಕೊಳ್ಳುತ್ತಾರೆ, ಮನಸ್ಸಿನಲ್ಲೇ ಎಣಿಸುತ್ತೇನೆ ಅನ್ನುತ್ತಾರೆ. ಮನಸ್ಸಿನ ಎಣಿಕೆ ಕಷ್ಟದ ಜಾಗ ಬಂದಾಗ ನಿಧಾನವಾಗಿ, ಸುಲಭದ ಜಾಗದಲ್ಲಿ ಓಡುತ್ತದೆ. ಬಾಯಿ ಹಾಗೆ ಮೋಸ ಮಾಡುವುದಿಲ್ಲ. ಎರಡು ಕೆಲಸ ಒಟ್ಟಿಗೆ ನನ್ನಿಂದ ಆಗಲ್ಲ ಅನ್ನಬೇಡಿ ಮೇಡಂ. ಮಲಹರಿಯ ‘ಶ್ರೀ ಗಣನಾಥ’ ಹಾಡುವಾಗ ಬಾಯಲ್ಲಿ ಸಾಹಿತ್ಯ, ಕೈಯಲ್ಲಿ ರೂಪಕ ತಾಳ ಇಟ್ಟುಕೊಂಡೇ ಹಾಡಿದ್ದೀರಿ. ಅದು ಬರುವುದಕ್ಕೂ ಮೊದಲು ಗುರುಗಳ ಹತ್ತಿರ ಒಂದಷ್ಟು ಬೈಸಿಕೊಂಡಿರುತ್ತೀರಿ, ಮರೆತಿದೆ ಅಷ್ಟೇ.

ವಯಸ್ಸಿನ ಪ್ರಶ್ನೆಗೂ ಉತ್ತರ ಸುಮಾರಾಗಿ ಇದೇ. ಮಕ್ಕಳ ಬೆರಳು ಬೇಗ ಬಗ್ಗುತ್ತದೆ, ಒಪ್ಪುತ್ತೇನೆ. ನಿಮ್ಮ ವಯಸ್ಸಿಗೆ ತೊಂದರೆ ಕೊಡುವುದು ಬೆರಳಿಗಿಂತ ಜಾಸ್ತಿ ಕಿವಿ. ಹಾಡು ಹೇಗಿರಬೇಕು ಅಂತ ಅದಕ್ಕೆ ಪೂರ್ತಿ ಗೊತ್ತು, ಹಾಗಾಗಿ ನಿಮ್ಮ ಕೈಯಿಂದ ಬಂದದ್ದು ಸಹಿಸುವುದಿಲ್ಲ. ಎಂಟು ವರ್ಷದ ಹುಡುಗನಿಗೆ ಆ ಸಂಕಟ ಇರುವುದಿಲ್ಲ, ತಪ್ಪು ನುಡಿಸಿ ನಕ್ಕು ಮುಂದೆ ಹೋಗುತ್ತಾನೆ. ನನ್ನ ಹತ್ತಿರ 58ಕ್ಕೆ ಶುರುಮಾಡಿದವರಿದ್ದಾರೆ. ಮೊದಲ ಪುಸ್ತಕ ಮುಗಿಸಲು ಒಂದೂವರೆ ವರ್ಷ ಹಿಡಿಯಿತು. ವಾರವಾರ ಪಾಠವಿದ್ದೂ ಅಷ್ಟು. ನೀವು ಐದು ತಿಂಗಳಿಗೆ ಅರ್ಧಕ್ಕೆ ಬಂದಿದ್ದರೆ ಬೇಗ ಬಂದಿದ್ದೀರಿ. ನನ್ನ ಪ್ರಕಾರ ಸ್ವಲ್ಪ ಜಾಸ್ತಿಯೇ ಬೇಗ.

ಪೂರ್ತಿ ಸರಿಹೋಗುವವರೆಗೂ ಮುಂದೆ ಹೋಗಬಾರದಾ ಅಂತ ಕೇಳಿದ್ದೀರಿ. ಹೋಗಿ. ನಿಧಾನ ಗತಿಯಲ್ಲಿ, ನಿಲ್ಲದೆ, ಮೂರು ಸಲ ಬಂತಾ? ಸಾಕು, ಪುಟ ತಿರುವಿ. ಒಂದೇ ಹಾಡನ್ನು ಮೂರು ವಾರ ಅರೆದರೆ ಅದು ಬಾಯಿಪಾಠವಾಗುತ್ತದೆ, ಓದುವುದು ನಿಂತುಹೋಗುತ್ತದೆ. ಓದು ಬರಬೇಕಾದರೆ ಸುಲಭವಾದ ಹೊಸ ಸಾಲುಗಳು ಬಹಳ ಬೇಕು. ನಿಮ್ಮ ಪುಸ್ತಕವೊಂದೇ ಸಾಲುವುದಿಲ್ಲ. ಬೇರೆ ಯಾವುದಾದರೂ ಸರಣಿಯ ಮಕ್ಕಳ ಪ್ರೈಮರ್ ಒಂದು ತಗೊಳ್ಳಿ, ಹಳೆಯದಾದರೂ ಆಗುತ್ತದೆ. ಕರಡಿ, ಬಲೂನ್ ಚಿತ್ರ ಇರುತ್ತದೆ, ಪರವಾಗಿಲ್ಲ. ಅದರಲ್ಲಿ ದಿನಕ್ಕೆ ಎರಡು ಹೊಸ ಹಾಡು, ಒಂದೊಂದೇ ಸಲ. ತಪ್ಪಾದರೂ ತಿದ್ದಬೇಡಿ. ಅದು ಪತ್ರಿಕೆ ಓದಿದ ಹಾಗೆ, ಓದಿ ಬಿಟ್ಟುಬಿಡುವುದು.

ನಿಮ್ಮ 25 ನಿಮಿಷದಲ್ಲಿ ಈ ಓದು ಮೊದಲ ಐದು ನಿಮಿಷ, ತಲೆ ಇನ್ನೂ ಎಚ್ಚರ ಇರುವಾಗ. ಆಮೇಲೆ ಹತ್ತು-ಹನ್ನೆರಡು ನಿಮಿಷ ಕಷ್ಟದ ನಾಲ್ಕು ಬಾರ್, ಇಡೀ ಹಾಡಲ್ಲ. ಉಳಿದದ್ದರಲ್ಲಿ ಹಳೆಯ ಹಾಡು ಯಾವುದಾದರೂ ಇಷ್ಟದ್ದು. ಶನಿವಾರ ಎರಡು ಗಂಟೆ ಕೂತು ಇಡೀ ವಾರದ್ದನ್ನು ತೀರಿಸುತ್ತೇನೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮಂಗಳವಾರ ಹತ್ತೇ ನಿಮಿಷ ಸಿಕ್ಕಿತಾ, ಹತ್ತೇ ನಿಮಿಷ ಕೂರಿ.

ಕೀಬೋರ್ಡ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೊದಲ ಪುಸ್ತಕಕ್ಕೆ 61 ಕೀ ಧಾರಾಳ. ಪಿಯಾನೊದ 88ರಲ್ಲಿ ಎರಡೂ ತುದಿಯವು ಈ ಹಂತದಲ್ಲಿ ಬೇಕಾಗುವುದೇ ಇಲ್ಲ. ಕೊರತೆ ಇರುವುದು ಕೀ ಭಾರದಲ್ಲಿ. ಹಗುರ ಕೀಯಲ್ಲಿ ಬೆರಳಿಗೆ ಬಲ ಬರುವುದಿಲ್ಲ, ಮೆಲ್ಲಗೆ-ಜೋರಾಗಿ ಅನ್ನುವ ವ್ಯತ್ಯಾಸ ಸರಿಯಾಗಿ ಸಿಗುವುದಿಲ್ಲ. ಎರಡನೇ ಪುಸ್ತಕಕ್ಕೆ ಬಂದಾಗ ತೂಕದ ಕೀಗಳಿರುವ ಡಿಜಿಟಲ್ ಪಿಯಾನೊ ಯೋಚಿಸಿ, ಈಗಲೇ ದುಡ್ಡು ಹಾಕಬೇಡಿ. ಸದ್ಯಕ್ಕೆ ‘ಟಚ್’ ಅನ್ನುವ ಸೆಟ್ಟಿಂಗ್ ಇದ್ದರೆ ಆನ್ ಮಾಡಿ. ‘ಟ್ರಾನ್ಸ್‌ಪೋಸ್’ ಸೊನ್ನೆಯಲ್ಲಿದೆಯಾ ಅಂತ ದಿನಾ ನೋಡಿ. ಆರ್ಕೆಸ್ಟ್ರಾದವರಿಗೆ ಆ ಬಟನ್ ಅನ್ನದಾತ, ನಿಮಗೆ ಶತ್ರು. ಸಿ ಒತ್ತಿದರೆ ಡಿ ಕೇಳಿಸುವ ವಾದ್ಯದಲ್ಲಿ ನೊಟೇಶನ್ ಕಲಿಯಲು ಆಗುವುದಿಲ್ಲ.

ಕೂರುವ ಎತ್ತರ ನೋಡಿಕೊಳ್ಳಿ. ಮಂಚದ ಮೇಲೆ ಕೀಬೋರ್ಡ್ ಇಟ್ಟು ನೆಲದಲ್ಲಿ ಕೂರುವವರನ್ನು ನೋಡಿದ್ದೇನೆ, ಭುಜ ಕಿವಿಗೆ ತಾಗುತ್ತಿರುತ್ತದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ನೆಲಕ್ಕೆ ಸಮ ಇರಬೇಕು. ಊಟದ ಕುರ್ಚಿ ತಗ್ಗಾದರೆ ಮಡಿಸಿದ ಜಮಖಾನ ಹಾಕಿ. ಮಣಿಕಟ್ಟಿನಲ್ಲಿ ಅಥವಾ ಮುಂಗೈಯಲ್ಲಿ ನೋವು ಬಂದರೆ ಅವತ್ತಿಗೆ ನಿಲ್ಲಿಸಿ. ಮರುದಿನವೂ ಇದ್ದರೆ ಡಾಕ್ಟರಿಗೆ ತೋರಿಸಿ. ದಿನವಿಡೀ ಬೋರ್ಡ್ ಮೇಲೆ ಬರೆದ ಕೈ ಅದು.

ಟೀಚರ್ ವಿಷಯ. ಓದುವುದು, ಎಣಿಸುವುದು ಪುಸ್ತಕದಿಂದ ಬರುತ್ತದೆ. ಮಣಿಕಟ್ಟು ಬಿಗಿಯಾಗಿದೆ, ಕಿರುಬೆರಳು ಮಡಿಸಿಕೊಳ್ಳುತ್ತಿದೆ, ಕಾಲು ಮಾತ್ರೆಯಷ್ಟು ಓಡುತ್ತಿದ್ದೀರಿ, ಇವನ್ನು ಪುಸ್ತಕ ಹೇಳುವುದಿಲ್ಲ. ವಾರವಾರ ಆಗದಿದ್ದರೆ ತಿಂಗಳಿಗೊಮ್ಮೆ ಮುಕ್ಕಾಲು ಗಂಟೆ ಯಾರಿಗಾದರೂ ತೋರಿಸಿ. ಕೀಬೋರ್ಡ್ ಕ್ಲಾಸಿಗೆ ಸೇರುವ ಮುಂಚೆ ‘ಸ್ಟಾಫ್ ನೊಟೇಶನ್ ಓದಿಸುತ್ತೀರಾ?’ ಅಂತ ಒಂದು ಮಾತು ಕೇಳಿ. ಸಿನಿಮಾ ಹಾಡು ಕಲಿಸುವುದು ಬೇರೆ ವಿದ್ಯೆ, ಒಳ್ಳೆಯದೇ, ನಿಮಗೆ ಈಗ ಬೇಕಾದದ್ದು ಅದಲ್ಲ. ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸುವವರು ಇದ್ದರೆ ವಿಚಾರಿಸಿ. ನೊಟೇಶನ್ ಬಲ್ಲವರು ಹಲವು ಸಲ ಅಲ್ಲೇ ಸಿಗುತ್ತಾರೆ. ಯಾರೂ ಸಿಗಲಿಲ್ಲವಾ, ಫೋನನ್ನು ಪಕ್ಕದಲ್ಲಿ ಮೊಣಕೈ ಎತ್ತರಕ್ಕೆ ಇಟ್ಟು ವಿಡಿಯೊ ತೆಗೆದು ಆನ್‌ಲೈನ್‌ನಲ್ಲಿ ತೋರಿಸಿ. ಮೇಲಿನಿಂದ ತೆಗೆದ ವಿಡಿಯೊದಲ್ಲಿ ಮಣಿಕಟ್ಟು ಕಾಣುವುದಿಲ್ಲ. ಟ್ರಿನಿಟಿ, ಎಬಿಆರ್‌ಎಸ್‌ಎಂ ಎಂಬ ಪಾಶ್ಚಾತ್ಯ ಸಂಗೀತದ ಗ್ರೇಡ್ ಪರೀಕ್ಷೆಗಳಿಗೆ ವಯಸ್ಸಿನ ಮಿತಿ ಇಲ್ಲ. ಆದರೂ ಜಿ ಪೊಸಿಷನ್ ದಾಟುವವರೆಗೆ ಅದರ ಯೋಚನೆ ಬೇಡ.

ರಾತ್ರಿ ಅಭ್ಯಾಸ ಅಂದಿರಿ, ಅದಕ್ಕೆ ಇದೊಂದು. ಹೆಡ್‌ಫೋನ್ ಹಾಕಿದರೆ ನಿಮಗೆ ಸಂಗೀತ ಮಾತ್ರ ಕೇಳಿಸುತ್ತದೆ, ಕೆಳಗಿನ ಮನೆಯವರಿಗೆ ಕೀಗಳ ಟಕಟಕ ಮಾತ್ರ. ಸ್ಟ್ಯಾಂಡಿನ ಕಾಲಿನ ಕೆಳಗೆ ಹಳೆಯ ಕಾಲೊರಸು ಎರಡು ಮಡಿಕೆ ಹಾಕಿ.